ಟಗರು ಮರಿ ಕೊಬ್ಬಿಸುವಾಗ ಒಣ ಮೇವು: ಎಷ್ಟು, ಯಾವಾಗ, ಎಷ್ಟು ಉದ್ದ? ಹಂತ ಹಂತವಾಗಿ

ಮರಿ ಕೊಬ್ಬಿಸಲು ಕಟ್ಟಿದವರಿಂದ ಒಂದೇ ಮಾತು ಮತ್ತೆ ಮತ್ತೆ ಕೇಳುತ್ತಿದ್ದೇನೆ. "ದಿನಕ್ಕೆ ಅರ್ಧ ಕೆ.ಜಿ. ಜೋಳದ ನುಚ್ಚು ಹಾಕ್ತಿದ್ದೀನಿ ಅಣ್ಣ, ಆದ್ರೂ ಮೈ ಹಿಡೀತಿಲ್ಲ, ಭೇದಿ ಬೇರೆ." ಇನ್ನು ಕೆಲವರದು ಬೇರೆಯೇ ದೂರು. "ಹುಲ್ಲು ಬೇಕಾದಷ್ಟು ತಿನ್ನುತ್ತೆ. ಹೊಟ್ಟೆ ಮಾತ್ರ ದಪ್ಪ ಆಗ್ತಿದೆ, ಬೆನ್ನು ಮೂಳೆ ಹಂಗೇ ಇದೆ."

ಎರಡೂ ಕಡೆ ತಪ್ಪಿರುವುದು ಒಂದೇ ಜಾಗದಲ್ಲಿ. ಒಣ ಮೇವನ್ನು ಹೊಟ್ಟೆ ತುಂಬಿಸುವ ಸರಕು ಅಂತ ನೋಡುತ್ತಿದ್ದೇವೆ. ನಿಜವಾಗಿ ನೋಡಿದರೆ, ನೀವು ದುಡ್ಡು ಕೊಟ್ಟು ತಂದ ಜೋಳ, ಹಿಂಡಿ ಎಷ್ಟು ಜೀರ್ಣವಾಗಬೇಕು ಅನ್ನುವುದನ್ನು ತೀರ್ಮಾನಿಸುವುದೇ ಆ ಹುಲ್ಲು. ಅದರ ಪ್ರಮಾಣ, ಉದ್ದ, ಹಾಕುವ ಹೊತ್ತು ಮೂರೂ ಸರಿಯಾದರೆ ಅದೇ ಕೈತಿಂಡಿಯಲ್ಲಿ, ಅಂದರೆ ನುಚ್ಚು, ಹಿಂಡಿ, ಬೂಸಾ ಬೆರೆಸಿದ ತಿಂಡಿಯಲ್ಲಿ, ಮರಿ ಬೆಳೆಯುತ್ತದೆ.

ಇಲ್ಲಿ ಹೇಳುವುದೆಲ್ಲ 3ರಿಂದ 4 ತಿಂಗಳ, ತಾಯಿ ಹಾಲು ಬಿಟ್ಟ, 15 ಕೆ.ಜಿ. ಆಸುಪಾಸಿನ ಗಂಡು ಮರಿಗೆ. ಬನ್ನೂರು, ಹಾಸನ, ಬಳ್ಳಾರಿ, ಕೆಂಗುರಿ, ಡೆಕ್ಕನಿ ಯಾವ ತಳಿಯಾದರೂ ಕ್ರಮ ಇದೇ. ಕಟ್ಟಿ ಮೇಯಿಸುವ ಅವಧಿ ಸುಮಾರು 3 ತಿಂಗಳು.

## ಮೊದಲು ಹೊಟ್ಟೆಯೊಳಗಿನ ಕೆಲಸ ಗೊತ್ತಿರಲಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಉಳಿದ ಹಂತಗಳೆಲ್ಲ ಇದರ ಮೇಲೆ ನಿಂತಿವೆ.

ಕುರಿಯ ದೊಡ್ಡ ಹೊಟ್ಟೆ, ಅಂದರೆ ರೂಮೆನ್, ಒಂದು ಹುದುಗಿನ ಪಾತ್ರೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಕೆಲವು ನಾರು ಒಡೆಯುತ್ತವೆ, ಕೆಲವು ಜೋಳದ ಪಿಷ್ಟ ಒಡೆಯುತ್ತವೆ. ಪಿಷ್ಟದವು ಬಲು ಚುರುಕು, ಬೇಗ ಬೇಗ ಆಮ್ಲ ಮಾಡುತ್ತವೆ. ನಾರಿನವು ನಿಧಾನ, ಹುಳಿಯನ್ನು ತಡೆದುಕೊಳ್ಳುವುದಿಲ್ಲ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಒಳಗಿನ ಪಿಎಚ್ 6.2ರಿಂದ 6.8ರ ನಡುವೆ ಇದ್ದರೆ ಅವಕ್ಕೆ ನೆಮ್ಮದಿ. 6ಕ್ಕಿಂತ ಕೆಳಗೆ ಇಳಿದರೆ ಕೆಲಸ ಹೆಚ್ಚುಕಡಿಮೆ ನಿಲ್ಲುತ್ತದೆ. 5.5ಕ್ಕಿಂತ ಇಳಿದರೆ ಮರಿಗೇ ಕಾಯಿಲೆ.

ಆ ಹುಳಿಯನ್ನು ಮುರಿಯುವುದು ಜೊಲ್ಲು. ಕುರಿಯ ಜೊಲ್ಲಿನಲ್ಲಿ ಸಹಜವಾಗಿಯೇ ಸೋಡಾದ ಗುಣ ಇದೆ, ದಿನಕ್ಕೆ ಲೀಟರುಗಟ್ಟಲೆ ಸುರಿಯುತ್ತದೆ. ಆದರೆ ಸುಮ್ನೆ ಇದ್ದಾಗ ಜೊಲ್ಲು ಕಡಿಮೆ, ಅಗಿಯುವಾಗಲೇ ಜಾಸ್ತಿ ಬರುತ್ತದೆ. ನುಚ್ಚು ನಾಲ್ಕು ಸಲ ಬಾಯಾಡಿಸಿದರೆ ಒಳಗೆ ಹೋಗುತ್ತದೆ. ರಾಗಿ ಹುಲ್ಲು ಹಾಗಲ್ಲ. ತಿನ್ನುವಾಗ ಒಮ್ಮೆ ಅಗಿಯಬೇಕು, ಆಮೇಲೆ ಮಲಗಿ ಮೆಲುಕು ಹಾಕುವಾಗ ಮತ್ತೆ ಅಗಿಯಬೇಕು. ಹಾಗಾಗಿ ಹುಲ್ಲು ಕಡಿಮೆಯಾದರೆ ಜೊಲ್ಲು ಕಡಿಮೆ, ಜೊಲ್ಲು ಕಡಿಮೆಯಾದರೆ ಹುಳಿ ಜಾಸ್ತಿ. ಹುಳಿ ಜಾಸ್ತಿಯಾದ ಮೇಲೆ ತಿಂದ ಹುಲ್ಲೂ ಜೀರ್ಣವಾಗದೆ ಹೊರಗೆ ಬರುತ್ತದೆ.

ಒಂದು ಲೆಕ್ಕ ನೋಡಿ. ರಾಗಿ ಹುಲ್ಲು ಶೇ 50ರಷ್ಟು ಜೀರ್ಣವಾಗುತ್ತದೆ, ಜೋಳ ಶೇ 85ರಷ್ಟು ಅಂತ ಇಟ್ಟುಕೊಳ್ಳೋಣ. ಅರ್ಧ ಅರ್ಧ ಹಾಕಿದರೆ ಕಾಗದದ ಮೇಲೆ ಶೇ 67.5 ಬರಬೇಕು. ಆದರೆ ಜೋಳದ ಹುಳಿಯಿಂದ ಹುಲ್ಲಿನ ಜೀರ್ಣ ಶೇ 40ಕ್ಕೆ ಇಳಿದರೆ ಒಟ್ಟು ಸಿಗುವುದು ಶೇ 62.5. ಮೇವು ಅಷ್ಟೇ, ಖರ್ಚೂ ಅಷ್ಟೇ, ಹಿಕ್ಕೆಯಲ್ಲಿ ಹೋಗುವುದು ಮಾತ್ರ ಜಾಸ್ತಿ.

ಇನ್ನೊಂದು ಬದಿಯನ್ನೂ ಹೇಳಬೇಕು. ಬರೀ ಹುಲ್ಲು ಹಾಕಿದರೆ ಒಳಗೆ ಹುಳಿ ಇರುವುದಿಲ್ಲ ನಿಜ. ಆದರೆ ಹುಲ್ಲು ನಿಧಾನವಾಗಿ ಕರಗುತ್ತದೆ. ಹೊಟ್ಟೆಯಲ್ಲಿ ಜಾಗ ಖಾಲಿಯಾಗುವವರೆಗೆ ಮರಿ ಮತ್ತೆ ತಿನ್ನಲಾರದು. ಜೊತೆಗೆ ರಾಗಿ ಹುಲ್ಲಿನಲ್ಲಿ ಪ್ರೋಟೀನು ಬರೀ ಶೇ 3ರಿಂದ 4. ಒಟ್ಟು ಮೇವಿನಲ್ಲಿ ಪ್ರೋಟೀನು ಶೇ 7ಕ್ಕಿಂತ ಕೆಳಗಿದ್ದರೆ ಸೂಕ್ಷ್ಮಜೀವಿಗಳಿಗೇ ಉಪವಾಸ, ಅವು ಹುಲ್ಲನ್ನು ಸರಿಯಾಗಿ ಒಡೆಯುವುದಿಲ್ಲ. ಹೊಟ್ಟೆ ದಪ್ಪ, ಬೆನ್ನು ತೆಳು ಅನ್ನುವ ಮರಿಗಳ ಕಥೆ ಇದೇ.

## ಬೇಕಾದ ಸಾಮಾನು

- ನೇತು ಹಾಕುವ ತಕ್ಕಡಿ, ಮರಿಯನ್ನು ತೂಗಲು ಒಂದು ಗೋಣಿ ಜೋಲಿ
- ಕೈತಿಂಡಿ ತೂಗಲು ಚಿಕ್ಕ ತಕ್ಕಡಿ
- ಮೇವು ಕತ್ತರಿಸುವ ಯಂತ್ರ, ಇಲ್ಲದಿದ್ದರೆ ಕುಡುಗೋಲು ಮತ್ತು ಮರದ ದಿಮ್ಮಿ
- ಹುಲ್ಲಿಗೆ ಒಂದು, ಕೈತಿಂಡಿಗೆ ಒಂದು, ಬೇರೆ ಬೇರೆ ಗೋದಲಿ
- ಹಿಟ್ಟು ಜರಡಿ, ಬಕೆಟ್ಟು
- ನೋಟ್‌ಬುಕ್

ಗೋದಲಿಯ ಉದ್ದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಮರಿಗೆ ಒಂದಡಿ ಜಾಗ ಬೇಕು. ಜಾಗ ಸಾಲದಿದ್ದರೆ ಜೋರಿನ ಮರಿ ಎರಡು ಪಾಲು ಕೈತಿಂಡಿ ತಿಂದು ಕಾಯಿಲೆ ಬೀಳುತ್ತದೆ, ಬಡ ಮರಿ ಹುಲ್ಲಿನಲ್ಲೇ ಉಳಿಯುತ್ತದೆ. ನಿಮ್ಮ ಲೆಕ್ಕ ಸರಿಯಿದ್ದರೂ ಯಾವ ಮರಿಗೂ ಆ ಲೆಕ್ಕ ಸಿಕ್ಕಿರುವುದಿಲ್ಲ.

## ಹಂತ 1: ಮೇವು ಆರಿಸಿ, ಮೂಸಿ, ಮುಟ್ಟಿ ನೋಡಿ

ನಿಮ್ಮ ಸೀಮೆಯಲ್ಲಿ ಏನು ಸಿಗುತ್ತದೋ ಅದರಿಂದಲೇ ಶುರು ಮಾಡಿ. ದೂರದಿಂದ ತರಿಸಿದ ಮೇವಿನ ಬಾಡಿಗೆ ಲಾಭವನ್ನೆಲ್ಲ ತಿಂದುಬಿಡುತ್ತದೆ. ಆದರೆ ಎಲ್ಲ ಒಣ ಮೇವೂ ಒಂದೇ ಅಲ್ಲ.

ರಾಗಿ ಹುಲ್ಲು. ತುಮಕೂರು, ಹಾಸನ, ಕೋಲಾರದ ಕಡೆಯವರ ಪುಣ್ಯ. ಭತ್ತದ ಹುಲ್ಲಿಗಿಂತ ಮೆತ್ತಗೆ, ಜೀರ್ಣ ಚೆನ್ನ, ಸುಣ್ಣದ (ಕ್ಯಾಲ್ಸಿಯಂ) ಅಂಶವೂ ಜಾಸ್ತಿ.

ಭತ್ತದ ಹುಲ್ಲು. ಗಂಗಾವತಿ, ಮಂಡ್ಯದ ಕಡೆ ಬೇಕಾದಷ್ಟು ಇದೆ. ಇದರಲ್ಲಿ ಮರಳಿನಂಥ ಸಿಲಿಕಾ ಅಂಶ ಜಾಸ್ತಿ, ಆಕ್ಸಲೇಟ್ ಅನ್ನುವ ವಸ್ತು ಸುಣ್ಣವನ್ನು ಕಟ್ಟಿಹಾಕುತ್ತದೆ. ಬೇರೆ ಹುಲ್ಲಿನಲ್ಲಿ ಎಲೆ ಒಳ್ಳೆಯದು, ಕಡ್ಡಿ ಗಟ್ಟಿ. ಭತ್ತದಲ್ಲಿ ಉಲ್ಟಾ: ಸಿಲಿಕಾ ಎಲೆಯಲ್ಲೇ ಹೆಚ್ಚು, ಕಡ್ಡಿಯೇ ಚೆನ್ನಾಗಿ ಜೀರ್ಣವಾಗುತ್ತದೆ. ಒಣ ಮೇವಿನ ಅರ್ಧಕ್ಕಿಂತ ಜಾಸ್ತಿ ಭತ್ತದ ಹುಲ್ಲು ಬೇಡ ಅಂತ ನನ್ನ ಸಲಹೆ.

ಜೋಳದ ಕಣಿಕೆ, ಮೆಕ್ಕೆಜೋಳದ ಸೊಪ್ಪೆ. ಉತ್ತರದ ಜಿಲ್ಲೆಗಳಲ್ಲಿ ಇದೇ ಆಧಾರ. ಕತ್ತರಿಸದೆ ಹಾಕಿದರೆ ಎಲೆ ತಿಂದು ದಂಟು ಬಿಡುತ್ತವೆ. ಎಳೆ ಹಸಿ ಜೋಳವನ್ನಂತೂ ಮುಟ್ಟಿಸಬೇಡಿ. ಬರದಲ್ಲಿ ಬಾಡಿದ ಪೈರು, ಕೊಯ್ದ ಕೂಳೆಯಲ್ಲಿ ಬಂದ ಚಿಗುರು ಎರಡರಲ್ಲೂ ಸಯನೈಡ್ ವಿಷ ಇರುತ್ತದೆ. ಹೂ ಬಂದ ಮೇಲೆ ಕೊಯ್ಯಿರಿ.

ಶೇಂಗಾ ಬಳ್ಳಿ, ಹುರುಳಿ ಹೊಟ್ಟು, ತೊಗರಿ ಹೊಟ್ಟು. ಚಳ್ಳಕೆರೆ, ಪಾವಗಡ, ಕಲಬುರಗಿಯ ಕಡೆಯ ಬಂಗಾರ ಇದು. ಶೇಂಗಾ ಬಳ್ಳಿಯಲ್ಲಿ ಪ್ರೋಟೀನು ಶೇ 8ಕ್ಕಿಂತ ಮೇಲಿರುತ್ತದೆ. ರಾಗಿ ಹುಲ್ಲಿನ ಜೊತೆ ಮೂರರಲ್ಲಿ ಒಂದು ಪಾಲು ಬೆರೆಸಿದರೆ ಆ ಹುಲ್ಲೇ ಇನ್ನೂ ಚೆನ್ನಾಗಿ ಜೀರ್ಣವಾಗುತ್ತದೆ. ಸೂಕ್ಷ್ಮಜೀವಿಗಳಿಗೆ ಬೇಕಾದ ಪ್ರೋಟೀನು ಸಿಕ್ಕಿತಲ್ಲ, ಅದಕ್ಕೆ.

ಮೆದೆಯಿಂದ ಕಿತ್ತ ಹುಲ್ಲನ್ನು ಹಿಡಿ ತುಂಬ ತೆಗೆದು ಮುರಿದು ನೋಡಿ. ಪಟಪಟ ಅಂದರೆ ಒಣಗಿದೆ. ಬಾಗಿದರೆ ಒಳಗೆ ತೇವ ಇದೆ. ಕೊಡವಿದಾಗ ಬಿಳಿ ಧೂಳು ಎದ್ದು ಮೂಗು ಕೆರೆಯಿತಾ? ಅದು ಬೂಷ್ಟು. ಶೇಂಗಾ ಬಳ್ಳಿಯಲ್ಲಿ, ಶೇಂಗಾ ಹಿಂಡಿಯಲ್ಲಿ ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಬರುತ್ತದೆ, ಈಲಿ ಕೆಡುತ್ತದೆ. ಬಿಸಿಲಿಗೆ ಹಾಕಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಅದು ಗೊಬ್ಬರದ ಗುಂಡಿಗೇ ಸರಿ.

ಯೂರಿಯಾ ಹಾಕಿ ಹುಲ್ಲು ಉಪಚರಿಸಬಹುದಾ ಅಂತ ಕೇಳುತ್ತೀರಿ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾ ನೀರಿನಲ್ಲಿ ಕರಗಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಡುವ ಪದ್ಧತಿ ದೊಡ್ಡ ದನಗಳಿಗೆ ಒಳ್ಳೆಯದೇ. 6 ತಿಂಗಳೊಳಗಿನ ಮರಿಗೆ ಬೇಡ. ಹಿಂಡಿ, ಹೊಟ್ಟಿನಿಂದಲೇ ಪ್ರೋಟೀನು ಕೊಡಿ.

## ಹಂತ 2: ಒಂದು ಅಂಗುಲಕ್ಕೆ ಕತ್ತರಿಸಿ, ಪುಡಿ ಮಾಡಬೇಡಿ

ಇಲ್ಲೇ ತುಂಬ ಜನ ಎಡವುತ್ತಾರೆ. ಎರಡು ಥರ ಎಡವುತ್ತಾರೆ.

ಕತ್ತರಿಸದೆ ಉದ್ದುದ್ದ ಹಾಕಿದರೆ ಮರಿ ಎಳೆದಾಡಿ, ತುಳಿದು, ರುಚಿಯಾದದ್ದನ್ನು ಆರಿಸಿ ತಿನ್ನುತ್ತದೆ. ನೀವು 300 ಗ್ರಾಂ ಹಾಕಿದ್ದರೆ ಹೊಟ್ಟೆಗೆ ಹೋಗುವುದು 200 ಗ್ರಾಂ.

ಗಿರಣಿಯಲ್ಲಿ ಹಾಕಿ ಪುಡಿ ಮಾಡಿದರೆ ಇನ್ನೂ ಕೆಟ್ಟದ್ದು. ಪುಡಿ ಹುಲ್ಲನ್ನು ಮರಿ ಬೇಗ ತಿನ್ನುತ್ತದೆ, ಜಾಸ್ತಿಯೂ ತಿನ್ನುತ್ತದೆ. ನೋಡುವವರಿಗೆ ಖುಷಿ. ಆದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಸೂಕ್ಷ್ಮಜೀವಿಗಳು ಒಡೆಯುವ ಮೊದಲೇ ಮುಂದಕ್ಕೆ ಜಾರುತ್ತದೆ. ಮೆಲುಕು ಇಲ್ಲ, ಜೊಲ್ಲು ಇಲ್ಲ. ತಕ್ಕಡಿಯಲ್ಲಿ ಅದು ಒಣ ಮೇವು. ಹೊಟ್ಟೆಗೆ ಮಾತ್ರ ಒಣ ಮೇವಿನ ಕೆಲಸ ಮಾಡುವುದಿಲ್ಲ.

ಯಂತ್ರವನ್ನು ಒಂದು ಅಂಗುಲಕ್ಕೆ, ಅಂದರೆ ಎರಡರಿಂದ ಮೂರು ಸೆಂ.ಮೀ.ಗೆ ಹೊಂದಿಸಿ. ಅಲಗು ಮೊಂಡಾಗಿದ್ದರೆ ಹುಲ್ಲು ಕತ್ತರಿಸುವ ಬದಲು ಜಜ್ಜಿ ಹರಿಯುತ್ತದೆ, ಪುಡಿ ಜಾಸ್ತಿ ಬರುತ್ತದೆ. ಕತ್ತರಿಸಿದ ರಾಶಿಯಿಂದ ಒಂದು ಬೊಗಸೆ ತೆಗೆದು ಜರಡಿ ಹಿಡಿಯಿರಿ. ಕೆಳಗೆ ಬಿದ್ದದ್ದು ಕಾಲು ಭಾಗಕ್ಕಿಂತ ಜಾಸ್ತಿ ಇದ್ದರೆ ಅಲಗು ಸಾಣೆ ಹಿಡಿಸಿ.

ಜೋಳಕ್ಕೂ ಇದೇ ಮಾತು. ಹಿಟ್ಟು ಮಾಡಬೇಡಿ. ಕುರಿ ಇಡೀ ಕಾಳನ್ನೇ ಚೆನ್ನಾಗಿ ಅಗಿಯಬಲ್ಲದು. ಒಂದು ಕಾಳು ಎರಡು ಮೂರು ಚೂರಾದರೆ ಸಾಕು. ಹಿಟ್ಟಾದಷ್ಟೂ ಹುಳಿ ಬೇಗ.

## ಹಂತ 3: ಒಣ ಅಂಶದಲ್ಲಿ ಲೆಕ್ಕ ಹಾಕಿ

ಮರಿ ತನ್ನ ತೂಕದ ಶೇ 4ರಷ್ಟು ಒಣ ಅಂಶ ತಿನ್ನುತ್ತದೆ. ಒಣ ಅಂಶ ಅಂದರೆ ನೀರು ತೆಗೆದು ಉಳಿದದ್ದು. ಒಣ ಹುಲ್ಲು, ಕೈತಿಂಡಿಯಲ್ಲಿ ಅದು ಶೇ 90. ಹಸಿ ನೇಪಿಯರ್ ಹುಲ್ಲಿನಲ್ಲಿ ಬರೀ ಶೇ 20.

20 ಕೆ.ಜಿ. ಮರಿ ತೆಗೆದುಕೊಳ್ಳಿ. ಶೇ 4 ಅಂದರೆ 800 ಗ್ರಾಂ ಒಣ ಅಂಶ. ಅರ್ಧ ಕೈತಿಂಡಿ, ಅರ್ಧ ಮೇವು ಅಂತ ಮಾಡಿದರೆ ತಲಾ 400 ಗ್ರಾಂ. ತಕ್ಕಡಿಯಲ್ಲಿ ಅದು ಹೀಗೆ ಬರುತ್ತದೆ:

- ಕೈತಿಂಡಿ: 450 ಗ್ರಾಂ
- ಕತ್ತರಿಸಿದ ರಾಗಿ ಹುಲ್ಲು: 300 ಗ್ರಾಂ
- ಹಸಿ ಮೇವು: 650 ಗ್ರಾಂ

"ದಿನಕ್ಕೆ 3 ಕೆ.ಜಿ. ಹಸಿ ಮೇವು ಹಾಕ್ತೀನಿ, ಒಣ ಹುಲ್ಲು ಯಾಕೆ?" ಅಂತ ಒಬ್ಬರು ವಾದಿಸಿದರು. ಆ 3 ಕೆ.ಜಿ.ಯಲ್ಲಿ 2 ಕೆ.ಜಿ. 400 ಗ್ರಾಂ ನೀರು. ಎಳೆ ಹಸಿ ಹುಲ್ಲಿನಲ್ಲಿ ಅಗಿಯಬೇಕಾದ ನಾರೂ ಕಡಿಮೆ. ಹಸಿ ಮೇವು ಒಳ್ಳೆಯದೇ, ಆದರೆ ಒಣ ಹುಲ್ಲಿನ ಕೆಲಸವನ್ನು ಅದು ಮಾಡುವುದಿಲ್ಲ. ದಿನಕ್ಕೆ ಕನಿಷ್ಠ 200 ಗ್ರಾಂ ಒಣ ಹುಲ್ಲು ಇರಲೇಬೇಕು.

ಕೈತಿಂಡಿಯನ್ನು ಮನೆಯಲ್ಲೇ ಮಾಡುವುದಾದರೆ 100 ಕೆ.ಜಿ.ಗೆ ಈ ಅಳತೆ ಹಿಡಿಯಿರಿ. ಪ್ರೋಟೀನು ಸುಮಾರು ಶೇ 18 ಬರುತ್ತದೆ.

- ಮೆಕ್ಕೆಜೋಳದ ನುಚ್ಚು 45 ಕೆ.ಜಿ.
- ಶೇಂಗಾ ಹಿಂಡಿ 25 ಕೆ.ಜಿ.
- ಗೋಧಿ ಬೂಸಾ 15 ಕೆ.ಜಿ.
- ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ನುಚ್ಚು, ಸಿಪ್ಪೆ) 11 ಕೆ.ಜಿ.
- ಕುರಿಯ ಖನಿಜ ಮಿಶ್ರಣ 2 ಕೆ.ಜಿ.
- ಸುಣ್ಣಕಲ್ಲಿನ ಪುಡಿ 1 ಕೆ.ಜಿ.
- ಉಪ್ಪು 1 ಕೆ.ಜಿ.

ಎರಡು ಎಚ್ಚರಿಕೆ. ಖನಿಜ ಮಿಶ್ರಣ ಕುರಿಯದ್ದೇ ಆಗಬೇಕು. ಹಸುವಿನದರಲ್ಲಿ ತಾಮ್ರ ಜಾಸ್ತಿ ಇರುತ್ತದೆ, ಕುರಿಗೆ ಅದು ಮೆಲ್ಲಗೆ ಈಲಿಯಲ್ಲಿ ಸೇರಿ ವಿಷವಾಗುತ್ತದೆ. ಇನ್ನೊಂದು, ಅಗ್ಗ ಅಂತ ಬೂಸಾ, ತೌಡು ಜಾಸ್ತಿ ಮಾಡಬೇಡಿ. ಅವುಗಳಲ್ಲಿ ರಂಜಕ ತುಂಬ. ಗಂಡು ಮರಿಗೆ ಮೂತ್ರದ ದಾರಿಯಲ್ಲಿ ಕಲ್ಲು ಕಟ್ಟುತ್ತದೆ. ಸುಣ್ಣ ಎರಡು ಪಾಲು, ರಂಜಕ ಒಂದು ಪಾಲು ಇರಬೇಕು. ಸುಣ್ಣಕಲ್ಲಿನ ಪುಡಿ ಹಾಕುವುದು ಅದಕ್ಕೇ.

## ಹಂತ 4: ಮೊದಲ 21 ದಿನ ಅವಸರ ಬೇಡ

ಸಂತೆಯಿಂದ ಬಂದ ಮರಿ ಬಯಲಲ್ಲಿ ಮೇಯ್ದು ಬೆಳೆದದ್ದು. ಅದರ ಹೊಟ್ಟೆಯಲ್ಲಿ ನಾರಿನ ಸೂಕ್ಷ್ಮಜೀವಿಗಳೇ ತುಂಬಿವೆ. ಪಿಷ್ಟ ಒಡೆಯುವವು, ಅವು ಮಾಡಿದ ಹುಳಿಯನ್ನು ಬಳಸಿಕೊಳ್ಳುವವು, ಎರಡೂ ಹದಕ್ಕೆ ಬರಲು ಎರಡರಿಂದ ಮೂರು ವಾರ ಬೇಕು. ಆ ಮೂರು ವಾರವನ್ನು ಹಣ ಕೊಟ್ಟು ಕೊಂಡುಕೊಳ್ಳಲು ಆಗುವುದಿಲ್ಲ, ಕಾಯಲೇಬೇಕು.

15 ಕೆ.ಜಿ. ಮರಿಗೆ ದಿನದ ಕೈತಿಂಡಿ ಹೀಗಿರಲಿ:

- 1ರಿಂದ 3ನೇ ದಿನ: ಇಲ್ಲ. ಒಣ ಹುಲ್ಲು, ಸ್ವಲ್ಪ ಹಸಿ ಮೇವು, ನೀರು ಮಾತ್ರ
- 4ರಿಂದ 6: 50 ಗ್ರಾಂ
- 7ರಿಂದ 9: 100 ಗ್ರಾಂ
- 10ರಿಂದ 12: 150 ಗ್ರಾಂ
- 13ರಿಂದ 15: 200 ಗ್ರಾಂ
- 16ರಿಂದ 18: 250 ಗ್ರಾಂ
- 19ರಿಂದ 21: 300 ಗ್ರಾಂ
- 22ನೇ ದಿನದಿಂದ: 350 ಗ್ರಾಂ

ಈ ಅವಧಿಯಲ್ಲಿ ಒಣ ಹುಲ್ಲನ್ನು ತೂಗಿ ಹಾಕಬೇಡಿ. ಬೇಕಾದಷ್ಟು ಇರಲಿ. ಎಲ್ಲೋ ಭೇದಿ ಕಂಡರೆ ಒಂದು ಮೆಟ್ಟಿಲು ಕೆಳಗಿಳಿದು ಮೂರು ದಿನ ಅಲ್ಲೇ ನಿಲ್ಲಿ.

ಜಂತುಹುಳದ ಔಷಧಿ, ಕರುಳುಬೇನೆ ಲಸಿಕೆ ಇದೇ ಹೊತ್ತಿನಲ್ಲಿ ಆಗಬೇಕು. ಕರುಳುಬೇನೆಯ ರೋಗಾಣು ಕರುಳಿನಲ್ಲಿ ಮೊದಲಿಂದಲೂ ಇರುತ್ತದೆ. ಜೀರ್ಣವಾಗದ ಪಿಷ್ಟ ಕೆಳಗಿಳಿದಾಗ ಅದು ಒಮ್ಮೆಲೇ ಹೆಚ್ಚಿ ವಿಷ ಮಾಡುತ್ತದೆ. ಸಂಜೆ ಚೆನ್ನಾಗಿದ್ದ ಮರಿ ಬೆಳಿಗ್ಗೆ ಸತ್ತಿರುತ್ತದೆ, ಅದೂ ಗುಂಪಿನಲ್ಲೇ ಚೆನ್ನಾಗಿ ತಿನ್ನುವ ಮರಿ. ಎರಡು ಡೋಸು ಬೇಕಾಗುತ್ತದೆ. ದಿನ ಎಷ್ಟು ಬಿಡಬೇಕು ಅಂತ ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ ಬರೆದುಕೊಳ್ಳಿ.

## ಹಂತ 5: ಹುಲ್ಲು ಮೊದಲು, ಕೈತಿಂಡಿ ಆಮೇಲೆ

ಇಡೀ ಬರಹದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಖರ್ಚಿಲ್ಲದ ಬದಲಾವಣೆ ಇದು, ಫಲ ಮಾತ್ರ ದೊಡ್ಡದು.

ರಾತ್ರಿಯೆಲ್ಲ ಖಾಲಿ ಇದ್ದ ಹೊಟ್ಟೆಗೆ ಬೆಳಿಗ್ಗೆ ಮೊದಲು ನುಚ್ಚು ಬಿದ್ದರೆ ಹುಳಿ ಒಮ್ಮೆಲೇ ಏರುತ್ತದೆ. ಹುಲ್ಲು ಮೊದಲು ಬಿದ್ದರೆ ಅಗಿಯುವಾಗಲೇ ಜೊಲ್ಲು ಇಳಿದಿರುತ್ತದೆ. ಹೊಟ್ಟೆಯಲ್ಲಿ ನಾರಿನ ಒಂದು ದಪ್ಪ ಪದರ ಆಗಿರುತ್ತದೆ. ನುಚ್ಚು ಆ ಪದರದಲ್ಲಿ ಸಿಕ್ಕಿಕೊಂಡು ನಿಧಾನವಾಗಿ ಒಡೆಯುತ್ತದೆ.

ಬೆಳಿಗ್ಗೆ 6.30ಕ್ಕೆ ನೀರಿನ ತೊಟ್ಟಿ ತೊಳೆದು ತುಂಬಿಸಿ, ಒಣ ಹುಲ್ಲು ಹಾಕಿ. 8 ಗಂಟೆಗೆ ಅರ್ಧ ಕೈತಿಂಡಿ. ಮಧ್ಯಾಹ್ನ ಹಸಿ ಮೇವು. ಸಂಜೆ 4.30ಕ್ಕೆ ಮತ್ತೆ ಹುಲ್ಲು, 5.30ಕ್ಕೆ ಉಳಿದ ಕೈತಿಂಡಿ. ರಾತ್ರಿಗೆ ಗೋದಲಿಯಲ್ಲಿ ಸ್ವಲ್ಪ ಹುಲ್ಲು ಬಿಟ್ಟಿರಿ. ದಿನಕ್ಕೆ 500 ಗ್ರಾಂ ದಾಟಿದ ಮೇಲೆ ಕೈತಿಂಡಿಯನ್ನು ಮೂರು ಸಲ ಮಾಡಿ.

ಹೊತ್ತು ತಪ್ಪಿಸಬೇಡಿ. ಭಾನುವಾರ ಮದುವೆಗೆ ಹೋಗಿ ತಡವಾಗಿ ಬಂದು, ಪಾಪ ಹಸಿದಿವೆ ಅಂತ ಎರಡು ಹೊತ್ತಿನದನ್ನು ಒಟ್ಟಿಗೆ ಸುರಿದರೆ ಅಲ್ಲಿಗೆ ಮುಗಿಯಿತು. ತಪ್ಪಿದ ಹೊತ್ತಿನ ಕೈತಿಂಡಿ ತಪ್ಪಿಯೇ ಹೋಗಲಿ, ಹುಲ್ಲು ಹಾಕಿ. ಇನ್ನು ಮದುವೆಯಲ್ಲಿ ಉಳಿದ ಅನ್ನವನ್ನು ತಂದು ಹಾಕುವುದಂತೂ ಬೇಡವೇ ಬೇಡ. ಬೆಂದ ಅನ್ನದ ಪಿಷ್ಟ ಹಸಿ ಕಾಳಿಗಿಂತ ಬೇಗ ಹುಳಿಯಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಪ್ರೀತಿಯಿಂದ ಹಾಕಿದ ಆ ಅನ್ನಕ್ಕೆ ಎಷ್ಟೋ ದನ, ಕುರಿ ಹೋಗಿವೆ.

20ಕ್ಕಿಂತ ಜಾಸ್ತಿ ಮರಿ ಇದ್ದವರು ಕತ್ತರಿಸಿದ ಹುಲ್ಲು, ಕೈತಿಂಡಿ ಎರಡನ್ನೂ ಬೆರೆಸಿ, ಮೇಲೆ ನೀರು ಚಿಮುಕಿಸಿ ಒಟ್ಟಿಗೆ ಹಾಕಬಹುದು. ತೇವಕ್ಕೆ ನುಚ್ಚು ಹುಲ್ಲಿಗೆ ಅಂಟುತ್ತದೆ, ಆರಿಸಿ ತಿನ್ನಲು ಆಗುವುದಿಲ್ಲ. ಬೇಸಿಗೆಯಲ್ಲಿ ಬೆರೆಸಿದ್ದು ಬೇಗ ಹುಳಿ ಬರುತ್ತದೆ, ಆಯಾ ಹೊತ್ತಿನದನ್ನು ಆಯಾ ಹೊತ್ತಿಗೆ ಬೆರೆಸಿ.

## ಹಂತ 6: ಹಿಕ್ಕೆ ತೊಳೆದು ನೋಡಿ

ಜೀರ್ಣ ಎಷ್ಟಾಗಿದೆ ಅಂತ ತಿಳಿಯಲು ಪ್ರಯೋಗಾಲಯವೇ ಬೇಕಿಲ್ಲ. ವಾರಕ್ಕೊಮ್ಮೆ ಬೆಳಿಗ್ಗೆ ನಾಲ್ಕೈದು ಮರಿಗಳ ತಾಜಾ ಹಿಕ್ಕೆ ಎರಡು ಹಿಡಿ ತೆಗೆದುಕೊಳ್ಳಿ. ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಹಿಟ್ಟು ಜರಡಿಗೆ ಸುರಿಯಿರಿ. ತಿಳಿ ನೀರು ಇಳಿಯುವವರೆಗೆ ತೊಳೆದು, ಉಳಿದದ್ದನ್ನು ಬಿಳಿ ಬಟ್ಟೆಯ ಮೇಲೆ ಹರಡಿ.

ಸಣ್ಣ, ಮೆತ್ತನೆಯ, ಒಂದೇ ಥರದ ನಾರು ಇದ್ದರೆ ಎಲ್ಲ ಸರಿ. ಒಂದು ಸೆಂ.ಮೀ.ಗಿಂತ ಉದ್ದದ ಕಡ್ಡಿಗಳು ತುಂಬ ಇದ್ದರೆ ಮೆಲುಕು ಸಾಲದು, ನಾರು ಒಡೆಯುವ ಕೆಲಸ ಕುಂಟುತ್ತಿದೆ. ಹಳದಿ ಜೋಳದ ಚೂರು ಬೆರಳಿಗೆ ಸಿಕ್ಕಿ, ಹಿಸುಕಿದಾಗ ಬಿಳಿ ಹಿಟ್ಟು ಬಂದರೆ ಪಿಷ್ಟ ಹಾಗೇ ಹೊರಗೆ ಹೋಗುತ್ತಿದೆ. ಬರೀ ಸಿಪ್ಪೆ ಸಿಕ್ಕರೆ ಚಿಂತೆ ಇಲ್ಲ.

ಹೊರಗಿನ ರೂಪವೂ ಹೇಳುತ್ತದೆ. ಬಿಡಿಬಿಡಿಯಾಗಿ ಹೊಳೆಯುವ ಹಿಕ್ಕೆ ಒಳ್ಳೆಯ ಗುರುತು. ತೀರಾ ಗಟ್ಟಿ, ಚಿಕ್ಕದು, ಒಡೆದರೆ ಒಳಗೆ ಒಣ ಕಡ್ಡಿ ಅಂದರೆ ಹುಲ್ಲು ಜಾಸ್ತಿ, ಇಲ್ಲವೇ ನೀರು ಕಡಿಮೆ. ಒಂದಕ್ಕೊಂದು ಅಂಟಿ ಗೊಂಚಲಾದರೆ ಕೈತಿಂಡಿ ಮಿತಿಗೆ ಬಂದಿದೆ. ಬೂದು ಬಣ್ಣದ ಅಂಬಲಿಯಂತಾಗಿ ಹುಳಿ ವಾಸನೆ ಬಂದರೆ ಮಿತಿ ದಾಟಿದೆ.

ಮಧ್ಯಾಹ್ನ ಎರಡು ಗಂಟೆಗೆ ಸದ್ದು ಮಾಡದೆ ಕೊಟ್ಟಿಗೆಗೆ ಹೋಗಿ ಎಣಿಸಿ. ಮಲಗಿರುವ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು. ಒಂದು ಉಂಡೆ ಕುತ್ತಿಗೆಯಲ್ಲಿ ಮೇಲೆ ಬಂದದ್ದು ಕಾಣುತ್ತದೆ, ಸುಮಾರು ಒಂದು ನಿಮಿಷ ದವಡೆ ಆಡುತ್ತದೆ, ಮತ್ತೆ ಕೆಳಗಿಳಿಯುತ್ತದೆ. ನಿಮ್ಮ ಕೊಟ್ಟಿಗೆಯಲ್ಲಿ ಈ ದವಡೆಗಳು ನಿಂತಿದ್ದರೆ ಹಿಕ್ಕೆ ಕೆಡುವುದಕ್ಕೆ ಮೊದಲೇ ನಿಮಗೆ ಸುದ್ದಿ ಸಿಕ್ಕಂತೆ.

## ಹಂತ 7: 15 ದಿನಕ್ಕೊಮ್ಮೆ ತೂಗಿ, ಪಾಲು ಬದಲಿಸಿ

ಬೆಳಿಗ್ಗೆ ಮೇವು ಹಾಕುವ ಮೊದಲೇ ತೂಗಬೇಕು. ಹುಲ್ಲು ತಿಂದು ನೀರು ಕುಡಿದ ಮೇಲೆ ತೂಗಿದರೆ ಹೊಟ್ಟೆಯ ತೂಕ ಸೇರಿ ಮೋಸವಾಗುತ್ತದೆ.

ದಿನಕ್ಕೆ 100ರಿಂದ 150 ಗ್ರಾಂ ಏರಿದರೆ ಒಳ್ಳೆಯ ಬೆಳವಣಿಗೆ. 15 ದಿನಕ್ಕೆ ಒಂದೂವರೆಯಿಂದ ಎರಡೂಕಾಲು ಕೆ.ಜಿ. ಆಗುತ್ತದೆ. 70 ಗ್ರಾಂಗಿಂತ ಕಡಿಮೆ ಇದ್ದರೆ ಕಾರಣ ಹುಡುಕಿ. ಗೋದಲಿಯಲ್ಲಿ ಉಳಿದದ್ದನ್ನೂ ತೂಗಿ ನೋಡಿ. ಹಾಕಿದ್ದರಲ್ಲಿ ಹತ್ತನೇ ಒಂದು ಭಾಗ ಉಳಿದರೆ ಸಹಜ. ಕಾಲು ಭಾಗ ಉಳಿದರೆ ಹುಲ್ಲಿನ ಗುಣ ಸರಿಯಿಲ್ಲ, ಇಲ್ಲವೇ ಉದ್ದ ಸರಿಯಿಲ್ಲ. ಏನೂ ಉಳಿಯದೆ ಗೋದಲಿ ನೆಕ್ಕುತ್ತಿದ್ದರೆ ಹುಲ್ಲು ಸಾಲುತ್ತಿಲ್ಲ.

ಒಣ ಅಂಶದ ಲೆಕ್ಕದಲ್ಲಿ ಮೊದಲ ತಿಂಗಳು ಮೇವು 60, ಕೈತಿಂಡಿ 40. ಎರಡನೇ ತಿಂಗಳು ಸಮ ಸಮ. ಮೂರನೇ ತಿಂಗಳು ಮೇವು 40, ಕೈತಿಂಡಿ 60. ಮೇವು ಇಳಿಸಿದಂತೆ ಒಟ್ಟು ಜೀರ್ಣವಾಗುವ ಪ್ರಮಾಣ ಏರುವುದು ನಿಜ, ಯಾಕೆಂದರೆ ಜೋಳ ಹುಲ್ಲಿಗಿಂತ ಚೆನ್ನಾಗಿ ಜೀರ್ಣವಾಗುತ್ತದೆ. ಆದರೆ ಮೇವು ಇಳಿಸುವುದಕ್ಕೆ ಒಂದು ತಳ ಇದೆ. ನಮ್ಮ ಕೊಟ್ಟಿಗೆಗಳಿಗೆ ಆ ತಳ ಶೇ 35 ಅಂತ ನಾನು ಹಿಡಿಯುತ್ತೇನೆ. ಅದಕ್ಕಿಂತ ಕೆಳಗೆ ಇಳಿಯಬೇಡಿ.

ಅಮೆರಿಕದ ದನ ಕೊಬ್ಬಿಸುವ ದೊಡ್ಡ ಫೀಡ್‌ಲಾಟ್‌ಗಳ ವಿಡಿಯೋ ನೋಡಿ, ಅಲ್ಲಿ ಒಣ ಮೇವು ಶೇ 10ರ ಆಸುಪಾಸು ಮಾತ್ರ, ನಾವೂ ಹಾಗೇ ಮಾಡೋಣ ಅನ್ನುವವರಿದ್ದಾರೆ. ಅಲ್ಲಿ ಮೇವು ಬೆರೆಸುವ ಯಂತ್ರ ಇದೆ, ಹೊತ್ತು ತಪ್ಪುವುದಿಲ್ಲ. ಹುಳಿ ತಡೆಯಲು ಮೇವಿಗೆ ಮೊನೆನ್ಸಿನ್‌ನಂಥ ಔಷಧಿಯನ್ನೂ ಹಾಕುತ್ತಾರೆ. ಅದೆಲ್ಲ ಇಲ್ಲದೆ ಅವರ ಒಂದೇ ಅಂಕಿಯನ್ನು ಎತ್ತಿಕೊಂಡು ಬಂದರೆ ಮರಿ ಉಳಿಯುವುದಿಲ್ಲ.

ಹೊಸ ಹುಲ್ಲಿಗೆ ಬದಲಾಯಿಸುವಾಗಲೂ 5ರಿಂದ 7 ದಿನ ಬೆರೆಸುತ್ತಾ ಬನ್ನಿ.

## ಅಪಾಯದ ಸೂಚನೆಗಳು, ಆ ಹೊತ್ತಿಗೆ ಮಾಡಬೇಕಾದದ್ದು

ಒಂದು ಮಳೆಗಾಲದಲ್ಲಿ ನನ್ನ ಮೆದೆಗೆ ನೀರು ಇಳಿದು ಹುಲ್ಲು ಕೊಳೆಯಿತು. ನಾಲ್ಕೇ ದಿನ ಅಲ್ವಾ ಅಂತ ಹುಲ್ಲು ಅರ್ಧ ಮಾಡಿ, ಆ ಜಾಗಕ್ಕೆ ನುಚ್ಚು ಏರಿಸಿದೆ. ಮೂರನೇ ದಿನ ಎಲ್ಲಕ್ಕಿಂತ ಮುಂದೆ ನುಗ್ಗಿ ತಿನ್ನುತ್ತಿದ್ದ ಮರಿ ಗೋಡೆಗೆ ಹಣೆ ಒತ್ತಿ ನಿಂತಿತ್ತು. ಹತ್ತಿರ ಹೋದರೆ ಹಲ್ಲು ಕಡಿಯುವ ಕರಕರ ಸದ್ದು. ಎಡ ಪಕ್ಕೆ ಒತ್ತಿದರೆ ಒಳಗೆ ನೀರು ಕುಲುಕಿದ ಹಾಗೆ. ಬಾಯಿಯಿಂದ ಹುಳಿ ಹಿಟ್ಟಿನ ವಾಸನೆ. ಡಾಕ್ಟರು ಬಂದು ಬಾಟಲಿ ಹಾಕಿದರು. ಬೆಳಗಿನ ಜಾವಕ್ಕೆ ಹೋಯಿತು. ಉಳಿದ ಮರಿಗಳು ಬದುಕಿದವು, ಆದರೆ ಮೂರು ವಾರ ತೂಕ ಏರಲಿಲ್ಲ. ಹುಳಿಗೆ ಹೊಟ್ಟೆಯ ಒಳಪದರ ಸುಟ್ಟರೆ ಅದು ಮತ್ತೆ ಸರಿಹೋಗಲು ಅಷ್ಟು ದಿನ ಬೇಕು.

ಅದಕ್ಕೇ ಹೇಳುತ್ತೇನೆ. ಹುಲ್ಲು ಕಡಿಮೆಯಾದ ದಿನ ಕೈತಿಂಡಿಯನ್ನೂ ಕಡಿಮೆ ಮಾಡಿ. ಹುಲ್ಲಿನ ಜಾಗವನ್ನು ನುಚ್ಚಿನಿಂದ ತುಂಬಬೇಡಿ.

ಮೇವಿಗೆ ಮುಖ ತಿರುಗಿಸಿ, ಮೆಲುಕು ನಿಲ್ಲಿಸಿದರೆ: ಅವತ್ತಿನ ಕೈತಿಂಡಿ ಪೂರ್ತಿ ನಿಲ್ಲಿಸಿ. ಒಣ ಹುಲ್ಲು ಮಾತ್ರ ಮುಂದಿಡಿ.

ಭೇದಿ, ಹಲ್ಲು ಕಡಿತ, ಹುಳಿ ವಾಸನೆ, ತೂರಾಡುವುದು: ತಕ್ಷಣ ಪಶು ವೈದ್ಯರನ್ನು ಕರೆಯಿರಿ. ಅವರು ಫೋನಿನಲ್ಲಿ ಹೇಳಿದರೆ, 20 ಕೆ.ಜಿ. ಮರಿಗೆ 20 ಗ್ರಾಂ ಅಡುಗೆ ಸೋಡಾವನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ ಬಾಯಿಯ ಪಕ್ಕದಿಂದ ನಿಧಾನವಾಗಿ ಕುಡಿಸಿ. ತಲೆ ಮೇಲೆತ್ತಿ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮಲಗಿ ಏಳಲಾಗದ ಮರಿಗೆ ಬಾಯಿಗೆ ಏನೂ ಹಾಕಬೇಡಿ.

ಎಡ ಪಕ್ಕೆ ಡೊಳ್ಳಿನಂತೆ ಉಬ್ಬಿ, ಉಸಿರಿಗೆ ಒದ್ದಾಡಿದರೆ: ಕಾಯುವ ಹೊತ್ತಲ್ಲ. ಮರಿಯನ್ನು ಎಬ್ಬಿಸಿ ನಿಲ್ಲಿಸಿ, ಮುಂಗಾಲು ಎತ್ತರದಲ್ಲಿ ಇರುವಂತೆ ಮಾಡಿ, ವೈದ್ಯರನ್ನು ಕರೆಸಿ.

ಮೂತ್ರಕ್ಕೆ ಮುಕ್ಕುತ್ತಾ ಹನಿ ಹನಿ ಬಿಟ್ಟರೆ, ಬಾಲ ಕುಣಿಸಿ ಹೊಟ್ಟೆ ಒದ್ದುಕೊಂಡರೆ: ಕಲ್ಲು ಕಟ್ಟಿದೆ. ಮೂತ್ರ ಬರುವ ಜಾಗದ ಕೂದಲಿಗೆ ಮರಳಿನಂಥ ಕಾಳು ಅಂಟಿದೆಯಾ ನೋಡಿ. ಇದಕ್ಕೂ ಅವತ್ತೇ ವೈದ್ಯರು ಬೇಕು. ಉಳಿದ ಮರಿಗಳಿಗೆ ಬೂಸಾ ಇಳಿಸಿ, ನೀರಿನ ತೊಟ್ಟಿ ಸ್ವಚ್ಛವಾಗಿದೆಯಾ ನೋಡಿ. ಕೊಳಕು ನೀರನ್ನು ಕುರಿ ಮೂಸಿ ಬಿಟ್ಟುಬಿಡುತ್ತದೆ.

## ಹಂತ 8: ಮಾರುವ ಹಿಂದಿನ ದಿನ

ಬಕ್ರೀದ್ ಹತ್ತಿರ ಬಂದಾಗ ಕೊನೆಯ ವಾರ ಕೈತಿಂಡಿಯನ್ನು ಎರಡರಷ್ಟು ಮಾಡುವವರಿದ್ದಾರೆ. ಒಂದು ವಾರದಲ್ಲಿ ಮಾಂಸ ಬರುವುದಿಲ್ಲ, ಭೇದಿ ಬರುತ್ತದೆ. ಭೇದಿಯಾದ ಮರಿ ಎರಡೇ ದಿನದಲ್ಲಿ ತೂಕ ಇಳಿಯುತ್ತದೆ. ಕೊಳ್ಳುವವರು ಮೊದಲು ನೋಡುವುದೇ ಬಾಲದ ಕೆಳಗೆ.

ಕೊನೆಯ ದಿನ ಸಂಜೆಯ ಕೈತಿಂಡಿಯನ್ನು ಅರ್ಧ ಮಾಡಿ. ಗಾಡಿ ಹತ್ತಿಸುವ ದಿನ ಬೆಳಿಗ್ಗೆ ನುಚ್ಚು ಬೇಡ, ಒಣ ಹುಲ್ಲು ಮತ್ತು ನೀರು ಸಾಕು. ದೂರದ ಸಂತೆಗೆ ಹೋಗುವುದಿದ್ದರೆ ಗಾಡಿಯಲ್ಲೂ ಕತ್ತರಿಸಿದ ಹುಲ್ಲಿನ ಒಂದು ಚೀಲ ಇಟ್ಟುಕೊಳ್ಳಿ. ಇಳಿಸಿದ ಮೇಲೆ ಮೊದಲು ನೀರು ತೋರಿಸಿ, ಆಮೇಲೆ ಆ ಹುಲ್ಲನ್ನು ಹಾಕಿ. ಅವತ್ತು ಮಾರಾಟವಾಗದೆ ಮರಿ ಮನೆಗೆ ವಾಪಸ್ ಬಂದರೆ ಕೈತಿಂಡಿಯನ್ನು ಮತ್ತೆ 100 ಗ್ರಾಂನಿಂದ ಶುರು ಮಾಡಿ, ದಿನಕ್ಕೆ 50 ಗ್ರಾಂನಂತೆ ಏರಿಸಿಕೊಂಡು ಹಳೆಯ ಅಳತೆಗೆ ಬನ್ನಿ.